ಡಾಕ್ಟರಮ್ಮನ ಕಾರೂ ನನ್ನ ಕೆಮ್ಮೂ

ನನಗೆ ಕೆಮ್ಮು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬೀದಿಯಲ್ಲಿ ಇದನ್ನು ನಂಬುವವರು ಒಬ್ಬರೂ ಇರಲಿಲ್ಲ. ಬೇಕರಿಯವನು ಶುಂಠಿ ಕೊಟ್ಟ. ಎದುರುಮನೆ ಅಜ್ಜಿ ಜೇನುತುಪ್ಪ ಕೊಟ್ಟರು. ಮೂಲೆಮನೆಯ ದರ್ಜಿಯವಳು ಕುತ್ತಿಗೆಗೆ ಸುತ್ತಿಕೋ ಎಂದು ಉಣ್ಣೆಯ ಪಟ್ಟಿಯನ್ನೇ ಹೊಲಿದು ತಂದಳು. ಎಲ್ಲವನ್ನೂ ಇಸಕೊಂಡೆ. ಬೇಡ ಎಂದರೆ ಯಾಕೆ ಬೇಡ ಎಂದು ಬಾಯಿ ಬಿಡಬೇಕಾಗುತ್ತಿತ್ತು.

ಕೆಮ್ಮುತ್ತಿದ್ದದ್ದು ನನ್ನ ಯಜಮಾನರ ಸಲುವಾಗಿ. ಅವರು ಹಳೇ ಕಾರುಗಳ ಮೆಕ್ಯಾನಿಕ್, ಮನೆಯ ಮುಂದೆಯೇ ಶೆಡ್ಡು. ಬೀದಿಯವರ ಬಾಯಲ್ಲಿ ಅವರ ಹೆಸರು ಮೂಗಿನ ಮೇಸ್ತ್ರಿ. ಬಾನೆಟ್ ಎತ್ತಿ ಒಂದು ಸಲ ಮೂಸಿದರೆ ಸಾಕು, ಪೆಟ್ರೋಲು ಹೆಚ್ಚಾಗಿದೆಯೋ, ಆಯಿಲ್ ಸುಡುತ್ತಿದೆಯೋ, ಯಾವ ವೈರು ಕರಗುತ್ತಿದೆಯೋ ಹೇಳಿಬಿಡುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ನನಗೆ ಗೊತ್ತಾದದ್ದು ಹಾಲು ಸೀದ ದಿನ. ಮನೆಯೆಲ್ಲ ಕಮಟು, ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ ಮಹಾರಾಯರು ತಲೆ ಕೂಡ ಎತ್ತಲಿಲ್ಲ.

"ಯಾರಿಗೂ ಹೇಳ್ಬೇಡ ಕಣೇ," ಎಂದರು. "ಜನ ಬರೋದೇ ಈ ಮೂಗು ನಂಬಿ. ಇದು ಸತ್ತಿದೆ ಅಂತ ಗೊತ್ತಾದ್ರೆ ಶೆಡ್ಡಿಗೆ ಬೀಗ ಹಾಕ್ಬೇಕಾಗತ್ತೆ."

"ಹೇಳಿದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದೆ. ಆದರೆ ಆ ಮುಖ ನೋಡಿದ ಮೇಲೆ ಒಪ್ಪಿಕೊಂಡೆ. ನನಗೆ ಈ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬರುತ್ತದೋ ಅಷ್ಟೇ ಕರುಳೂ ಚುರುಕ್ ಎನ್ನುತ್ತದೆ, ಏನು ಮಾಡಲಿ.

ಅಂದಿನಿಂದ ಶುರುವಾಯಿತು ನಮ್ಮ ನಾಟಕ. ಗಿರಾಕಿ ಬಂದಾಗಲೆಲ್ಲ ನಾನು ಚಹಾ ಕೊಡುವ ನೆಪದಲ್ಲಿ ಹೋಗಿ ಬಾನೆಟ್ಟಿನ ಹತ್ತಿರ ನಿಲ್ಲಬೇಕು. ಪೆಟ್ರೋಲಿನ ವಾಸನೆ ಇದ್ದರೆ ಕೆಮ್ಮಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಅವರು ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರೆಳೆದು, ನನ್ನ ಕೆಮ್ಮು ಕೇಳಿದ ಮೇಲೆ ಗಂಭೀರವಾಗಿ "ಪೆಟ್ರೋಲು" ಎನ್ನುತ್ತಿದ್ದರು. "ಏನು ಮೂಗು ಮೇಸ್ತ್ರಿ ನಿಮ್ದು," ಎಂದು ಗಿರಾಕಿಗಳು ತಲೆದೂಗುತ್ತಿದ್ದರು. ದುಡಿಮೆ ನನ್ನ ಮೂಗಿನದು, ಮೆರವಣಿಗೆ ಅವರದಕ್ಕೆ.

ಹೀಗಿರುವಾಗ ಡಾಕ್ಟರಮ್ಮನ ಹಳೇ ಕಾರು ಬಂತು. ಬಂತು ಎನ್ನುವುದಕ್ಕಿಂತ ತೆವಳಿತು ಎನ್ನಬೇಕು.

"ದಿಬ್ಬ ಕಂಡ್ರೆ ಒಲ್ಲೆ ಅನ್ನತ್ತೆ ಮೇಸ್ತ್ರಿ. ಪೆಟ್ರೋಲು ಮಾತ್ರ ಗಟಗಟ ಕುಡಿಯತ್ತೆ. ಸೈಕಲ್ಲಿನವರೆಲ್ಲ ನನ್ನ ದಾಟ್ಕೊಂಡು ಹೋಗ್ತಾರೆ," ಎಂದು ಕೆಳಗಿಳಿದವರು, ಚಹಾ ಹಿಡಿದು ಬರುತ್ತಿದ್ದ ನನ್ನನ್ನು ಬಾಗಿಲಲ್ಲೇ ತಡೆದರು. "ನೀವಾ ಆ ಕೆಮ್ಮಿನವರು? ಬೇಕರಿಯವನು ಎಲ್ಲ ಹೇಳಿದ. ಕಾರು ಆಮೇಲೆ, ಮೊದಲು ನೀವು ಕೂತ್ಕೊಳ್ಳಿ."

ಬೇಡ ಎನ್ನುವಷ್ಟರಲ್ಲಿ ಸ್ಟೆತಸ್ಕೋಪ್ ಬೆನ್ನಿನ ಮೇಲಿತ್ತು. ಉಸಿರು ಎಳೆ, ಬಿಡು, ಮತ್ತೆ ಎಳೆ. "ಎದೇಲಿ ಏನೂ ಕೇಳಿಸ್ತಿಲ್ಲ. ಅದೇ ನನಗೆ ಸರಿ ಕಾಣ್ತಿಲ್ಲ," ಎಂದು ಹುಬ್ಬು ಗಂಟಿಕ್ಕಿ, ಈ ಶೆಡ್ಡಿನ ಗಾಳಿ ನನಗೆ ಆಗದೆಂದು ತೀರ್ಪು ಕೊಟ್ಟು, ಅಡುಗೆಮನೆಗೆ ಹೋಗಿ ಬಿಸಿನೀರಿನ ಹಬೆ ತೆಗೆದುಕೊಳ್ಳಿ ಎಂದು ಕಳಿಸಿದರು. ಯಜಮಾನರು ಇಂಗು ತಿಂದ ಮಂಗನ ಹಾಗೆ ನನ್ನನ್ನು ನೋಡಿದರು. ನಾನು ಹೋಗಿ ಪಾತ್ರೆಯ ಮುಂದೆ ಕೂತು ಟವೆಲ್ ಹೊದ್ದುಕೊಂಡೆ.

ಅಡುಗೆಮನೆಯ ಕಿಟಕಿ ಶೆಡ್ಡಿನ ಕಡೆಗೇ ಇದೆ. ಟವೆಲ್ಲಿನೊಳಗೆ ಏನೂ ಕಾಣದು, ವಾಸನೆಯೂ ಹತ್ತದು, ಮಾತು ಮಾತ್ರ ಕೇಳುತ್ತದೆ. ಎಂಜಿನ್ ಗೊರಗೊರ ಎಂದು ನಿಂತಿತು. ಹೊಗೆ ಕಪ್ಪಾದರೆ ಪೆಟ್ರೋಲು, ನೀಲಿಯಾದರೆ ಆಯಿಲ್. ಇದು ಯಾವ ಬಣ್ಣವೆಂದು ಶೆಡ್ಡಿನ ಮಬ್ಬಿನಲ್ಲಿ ಹೇಳುವಂತಿರಲಿಲ್ಲವಂತೆ. ಎಂಜಿನ್ನಿನ ಪ್ಲಗ್ ಬಿಚ್ಚಿದರಂತೆ. ಮಸಿ ಹಿಡಿದು ಒದ್ದೆಯಾಗಿತ್ತಂತೆ. ಆ ಒದ್ದೆ ಆಯಿಲ್ಲಿನದೋ ಪೆಟ್ರೋಲಿನದೋ ಎಂದು ತಿಳಿಯಬೇಕಾದರೆ ಮೂಸಬೇಕು. ಮೂಸಿದರು. ನನ್ನ ಕೆಮ್ಮಿಗಾಗಿ ಕಾದರು. ನಾನು ಪಾಪ ಹಬೆಯಲ್ಲಿ ಬೇಯುತ್ತಿದ್ದೆ.

"ಆಯಿಲ್ ಸುಡ್ತಿದೆ ಅನ್ಸತ್ತೆ ಡಾಕ್ಟರಮ್ಮ," ಎಂದರು ಕೊನೆಗೆ. ದನಿಯಲ್ಲಿ ದಮ್ಮಿರಲಿಲ್ಲ. "ಎಂಜಿನ್ ಪೂರ್ತಿ ಬಿಚ್ಬೇಕಾಗತ್ತೆ."

"ಹಾಗಾದ್ರೆ ಬಿಡಿ. ಗುಜರಿಗೆ ಕೊಟ್ಬಿಡ್ತೀನಿ. ಅದಕ್ಕೂ ವಯಸ್ಸಾಯ್ತು, ನನಗೂ ವಯಸ್ಸಾಯ್ತು."

ನಾನು ಟವೆಲ್ ಕಿತ್ತೆಸೆದು ಕಿಟಕಿಗೆ ಮುಖವಿಟ್ಟೆ. ಗಾಳಿ ಈ ಕಡೆಗೇ ಬೀಸುತ್ತಿತ್ತು. ಆಯಿಲ್ಲಂತೆ ಆಯಿಲ್ಲು, ಪೆಟ್ರೋಲು ಮೂಗಿಗೆ ರಪ್ಪನೆ ಬಡಿಯಿತು. ಇಷ್ಟು ದಿನ ಕೆಮ್ಮಿದ್ದೆಲ್ಲ ಲೆಕ್ಕಕ್ಕಿಲ್ಲ ಎನ್ನುವಂತೆ ಕೆಮ್ಮಿದೆ.

ಯಜಮಾನರ ಮುಖ ಅರಳಿತು. ಡಾಕ್ಟರಮ್ಮನ ಮುಖ ಮಾತ್ರ ಕಪ್ಪಿಟ್ಟಿತು. "ನೋಡಿದ್ರಾ, ಹಬೆಗೂ ಬಗ್ಗಲಿಲ್ಲ. ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಸೇರಿಸ್ತೀನಿ. ಎಕ್ಸ್‌ರೇ, ರಕ್ತ, ಎಲ್ಲ ಆಗ್ಬೇಕು. ಇದು ಸಣ್ಣ ಕಾಯಿಲೆ ಅಲ್ಲ ಮೇಸ್ತ್ರಿ."

ಯಜಮಾನರು ಸುಮ್ಮನೆ "ಪೆಟ್ರೋಲು" ಎಂದಿದ್ದರೆ ಮುಗಿದಿತ್ತು. ಕಾರೂ ಉಳಿಯುತ್ತಿತ್ತು, ಮೂಗಿನ ಮಾನವೂ ಉಳಿಯುತ್ತಿತ್ತು. ನಾನು ಆಸ್ಪತ್ರೆಯಲ್ಲಿ ಒಂದೆರಡು ದಿನ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದೆ. ಹಾಗೇ ಮಾಡುತ್ತಾರೆ ಎಂದೇ ನಾನು ಅಂದುಕೊಂಡೆ, ನಿಜ ಹೇಳಬೇಕಲ್ಲ. ಅವರು ಕೈಯಲ್ಲಿದ್ದ ಪ್ಲಗ್ಗನ್ನೇ ನೋಡುತ್ತ ನಿಂತರು.

"ಆ ಕೆಮ್ಮು ಅವಳದಲ್ಲ ಡಾಕ್ಟರಮ್ಮ," ಎಂದರು. "ನನ್ನದು. ಜ್ವರ ಬಂದಾಗಿಂದ ನನಗೆ ಯಾವ ವಾಸನೇನೂ ಗೊತ್ತಾಗ್ತಿಲ್ಲ. ಅವಳು ಮೂಸಿ ಕೆಮ್ತಾಳೆ, ನಾನು ಹೇಳಿ ಬೀಗ್ತೀನಿ. ಅವಳಿಗೆ ಏನೂ ಆಗಿಲ್ಲ, ಸೂಜಿ ಗೀಜಿ ಚುಚ್ಬೇಡಿ."

ಡಾಕ್ಟರಮ್ಮ ಅವರನ್ನು ನೋಡಿದರು, ಕಿಟಕಿಯಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಪ್ಲಗ್ ಇಸಕೊಂಡು ಮೂಗಿನ ಹತ್ತಿರ ಹಿಡಿದು, ಬಹಳ ನಿಧಾನವಾಗಿ, ಒಂದು ಸಲ ಕೆಮ್ಮಿದರು.

ಮೊದಲು ನಕ್ಕದ್ದು ಯಜಮಾನರೇ. ಎಷ್ಟು ತಿಂಗಳಾಗಿತ್ತೋ ಅವರು ಹಾಗೆ ನಕ್ಕು. ನನಗೆ ಕಣ್ಣಲ್ಲಿ ನೀರು ಬಂತು, ಹಬೆಯ ಮೇಲೆ ಹಾಕಿದೆ.

ಆಮೇಲೆ ಕೆಲಸ ಸರಸರ ಸಾಗಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದರು. ಅದರ ಪುಟ್ಟ ತೊಟ್ಟಿಯಲ್ಲಿ ಹಿತ್ತಾಳೆಯ ಟೊಳ್ಳು ಡಬ್ಬಿಯೊಂದು ತೇಲಬೇಕು. ತೊಟ್ಟಿ ತುಂಬಿದಾಗ ಅದು ಮೇಲೆದ್ದು ಪೆಟ್ರೋಲಿನ ದಾರಿ ಮುಚ್ಚಬೇಕು. ಆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕುಳುಕ್ ಎಂದಿತು. "ತೇಲೋ ಮಹಾಶಯನೇ ಮುಳುಗಿದಾನೆ. ದಾರಿ ಮುಚ್ಚೋರಿಲ್ಲ, ಪೆಟ್ರೋಲು ನುಗ್ತಾನೇ ಇದೆ," ಎಂದು ನನ್ನ ಹಬೆಯ ಪಾತ್ರೆಯನ್ನೇ ತರಿಸಿ ಅದ್ದಿದರು. ಬಿಸಿನೀರಿನಲ್ಲಿ ಡಬ್ಬಿಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಸೂಜಿಮೊನೆಯಷ್ಟು ತೂತು. ಅದರಿಂದ ಒಳಗೆ ಸೇರಿದ್ದ ಪೆಟ್ರೋಲನ್ನೆಲ್ಲ ಹೊರಹಾಕಿ, ಒಣಗಿಸಿ, ಕಣ್ಣಿಗೆ ಕಾಣದಷ್ಟು ಬೆಸುಗೆ ಹಾಕಿದರು. ಪ್ಲಗ್ ಒರೆಸಿದರು, ಆಯಿಲ್ ಬದಲಾಯಿಸಿದರು.

ಡಾಕ್ಟರಮ್ಮ ದಿಬ್ಬ ಹತ್ತಿಸಿಕೊಂಡು ಹೋಗಿ, ಇಳಿಸಿಕೊಂಡು ಬಂದರು. ಸೈಕಲ್ಲಿನವನೊಬ್ಬನನ್ನು ಹಿಂದೆ ಹಾಕಿದೆ ಎಂದು ಎದುರುಮನೆ ಅಜ್ಜಿಗೂ ಬೇಕರಿಯವನಿಗೂ ಹೇಳಿದರು. ಇಬ್ಬರೂ ಆಗಲೇ ಶೆಡ್ಡಿನ ಬಾಗಿಲಲ್ಲಿ ಜಮಾಯಿಸಿದ್ದರು.

ಯಜಮಾನರು ಬಾನೆಟ್ ಎತ್ತಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ಉಸಿರೆಳೆಯಲಿಲ್ಲ. ಅಷ್ಟು ಜನರ ಎದುರಿಗೇ ನನ್ನ ಕಡೆ ತಿರುಗಿ, "ಬಾರೇ ಇಲ್ಲಿ. ಏನು ವಾಸನೆ ಬರ್ತಿದೆ ನೋಡಿ ಹೇಳು," ಎಂದರು.

ನಾನು ಬಗ್ಗಿ ಮೂಸಿದೆ.

"ಏನೂ ಬರ್ತಿಲ್ಲ ರೀ."

"ನನಗೂ ಅಷ್ಟೇ," ಎಂದು ಬಾನೆಟ್ ಮುಚ್ಚಿದರು.