ನಡುವೆ ನಿಂತವಳು

ಸೊಲ್ಲಾಪುರದಿಂದ ಅಕ್ಕಲಕೋಟೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾಗಣಸೂರ. ಅಲ್ಲಿನ ಕನ್ನಡ ಶಾಲೆಯ ಶಿಕ್ಷಕಿ ಶುಭಾಂಗಿ ಹೀಗೆ ದಿನಾ ಓಡಾಡಲು ತೊಡಗಿ ಏಳು ವರ್ಷವಾಗಿತ್ತು. ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲೇ ದಾರಿ ಸವೆಸುವುದು ಆಕೆಗೆ ರೂಢಿ. ಆ ಜೊಂಪಿನಲ್ಲಿ ಅಪ್ಪನ ಬಟ್ಟೆ ಅಂಗಡಿಯ ಮರಾಠಿ ಮಾತು, ಶಾಲೆಯ ಕನ್ನಡ ಪಾಠ, ಹೊರಗಿನ ತೊಗರಿ ಹೊಲದ ಹಳದಿ ಎಲ್ಲವೂ ಒಂದರೊಳಗೊಂದು ಕರಗುತ್ತಿದ್ದವು.

ಆ ವರ್ಷ ಹೆಡ್‌ಮಾಸ್ತರ ಗುರುಶಾಂತ ಸರ್ ಆಕೆಗೊಂದು ಹೊಸ ಕೆಲಸ ಹಚ್ಚಿದರು. ಎಂಟರಿಂದ ಹತ್ತನೆಯ ವರ್ಗದ ವರೆಗಿನ ಮಕ್ಕಳಿಗೆ ಮುಂದೆ ಯಾವ ಯಾವ ಉದ್ಯೋಗಗಳಿವೆ ಎಂದು ಪರಿಚಯಿಸುವ ಕಾರ್ಯಕ್ರಮ ಮಾಡಬೇಕಿತ್ತು.

"ಒಬ್ಬ ಸಾಹೇಬರನ್ನ ಕರಸೂಣು, ಬ್ಯಾನರ್ ಕಟ್ಟೂಣು, ಫೋಟೊ ತಗದು ಮ್ಯಾಲ ಕಳಸೂಣು. ಮುಗೀತಲ್ರಿ," ಎಂದರು ಸರ್.

ಶುಭಾಂಗಿ ಮೊದಲು ಮಕ್ಕಳ ಕೈಗೆ ಚೀಟಿ ಕೊಟ್ಟು, ಏನಾಗಬೇಕೆಂದು ಬರೆಯಿರಿ ಅಂದಳು. ನಲವತ್ತೊಂದು ಚೀಟಿಗಳಲ್ಲಿ ಡಾಕ್ಟರ್, ಪೊಲೀಸ್, ಕಲೆಕ್ಟರ್ ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಷರ ನಲವತ್ತೊಂದು ಥರ, ಕನಸು ಮೂರೇ ಥರ. ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಆಕೆ ಬಹಳ ಹೊತ್ತು ಕುಳಿತಳು.

ಮರುದಿನ ಕೊನೆಯ ತಾಸಿನಲ್ಲಿ ಕಿಟಕಿಗಳನ್ನು ಓರೆ ಮಾಡಿಸಿ, ಒಂಬತ್ತನೆಯ ವರ್ಗದವರಿಗೆ ಕಣ್ಣು ಮುಚ್ಚಲು ಹೇಳಿದಳು. "ಹದಿನೈದು ವರ್ಷ ಆಗ್ಯದ. ಮುಂಜಾನಿ ಎದ್ದೀರಿ. ಕೆಲಸಕ್ಕ ಹೊಂಟೀರಿ. ಏನ್ ಕೇಳಸ್ತದ? ಕೈಯಾಗ ಏನದ? ಅವಸರ ಮಾಡಬ್ಯಾಡ್ರಿ, ನೋಡ್ಕೋತ ಹೋಗ್ರಿ."

ವರ್ಗ ನಿಧಾನವಾಗಿ ಬಾವಿಯ ನೀರಿನಂತೆ ತಣ್ಣಗಾಯಿತು. ಹಿಂದಿನ ಬೆಂಚಿನ ಒಬ್ಬಳು ನಿಜಕ್ಕೂ ನಿದ್ದೆ ಹೋದಳು. ಅಮೋಗಸಿದ್ಧ ಎಂಬ ಹುಡುಗ ಕಣ್ಣು ಮುಚ್ಚಿಕೊಂಡೇ ಹೇಳಿದ: "ನಾ ಭಾಳ ಎತ್ತರಕ ಕುಂತೀನ್ರಿ. ಸುತ್ತ ಗಾಜು. ಕೆಳಗ ಹೊಲ ಎಲ್ಲಾ ಕರವಸ್ತ್ರ ಹಾಸಿದಂಗ ಕಾಣಸ್ತಾವ್ರಿ."

ವರ್ಷವಿಡೀ ಬಾಯಿ ಬಿಡದ ಸೋನಾಲಿಯ ಸರದಿ ಬಂತು. ನಾಗಣಸೂರಿನದೇ ಹುಡುಗಿ, ಒಕ್ಕಲು ಮನೆತನದವಳು. "ಇಬ್ಬರ ನಡುವ ನಿಂತೀನ್ರಿ ಅಕ್ಕೋರ. ಅವರ ಮಾತು ಇವರಿಗಿ ತಿಳಿವಲ್ದು, ಇವರದು ಅವರಿಗಿ ತಿಳಿವಲ್ದು. ನಾ ಹೇಳಬೇಕು. ಆದ್ರ ದನಿ ಹೊಂಡವಲ್ದು." ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರು ತುಂಬಿತ್ತು.

ಅಂದು ಸಂಜೆ ಶುಭಾಂಗಿ ಅಪ್ಪನಿಗೆ ಈ ಸಂಗತಿ ಹೇಳಿದಳು. ಉದಯಕುಮಾರ ಬಟ್ಟೆ ಮಡಚುತ್ತಲೇ ಅಂದರು: "ಅದಕ್ಕ ಹೆಸರದಲ್ಲ. ದುಭಾಷಿ. ನಮ್ಮ ಹಿಂದಿನ ಗಲ್ಲಿ ಕಲ್ಯಾಣಮ್ಮನವರು ಕೋರ್ಟಿನ್ಯಾಗ ಜನ್ಮ ಎಲ್ಲಾ ಅದನ್ನೇ ಮಾಡ್ಯಾರ."

ಶುಭಾಂಗಿಯ ಯೋಜನೆ ಅಲ್ಲಿಗೆ ತಿರುಗಿತು. ವೇದಿಕೆಯ ಕಾರ್ಯಕ್ರಮ ಕೊನೆಗಿರಲಿ; ಅದಕ್ಕೂ ಮುಂಚೆ ಮಕ್ಕಳು ಐದಾರು ಜನರಂತೆ ಗುಂಪಾಗಿ ಹೋಗಿ, ಕೆಲಸ ಮಾಡುವವರ ಪಕ್ಕದಲ್ಲಿ ಒಂದು ದಿನ ಕೂತು ಬರಲಿ. ಒಂದು ಗುಂಪು ಚಾದರದ ಕಾರ್ಖಾನೆಯಲ್ಲಿ ಚಿತ್ತಾರ ಬರೆಯುವವರ ಬಳಿಗೆ, ಒಂದು ಚಪಳಗಾಂವದ ದನದ ಡಾಕ್ಟರರ ಬಳಿಗೆ, ಅಮೋಗಸಿದ್ಧ ಇದ್ದ ಮತ್ತೊಂದು, ದೊಡ್ಡ ಕಟ್ಟಡಗಳಿಗೆ ಕ್ರೇನ್ ನಡೆಸುವವನ ಬಳಿಗೆ. ಗುರುಶಾಂತ ಸರ್ ಗೊಣಗಿದರು. ಆದರೂ ಹೊರಡುವ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು.

ಚಾದರದ ಗುಂಪನ್ನು ಸರ್ ಕರೆದೊಯ್ದರು. ಸೋನಾಲಿಯೊಬ್ಬಳನ್ನೇ ಕರೆದುಕೊಂಡು ಶುಭಾಂಗಿ ಸೊಲ್ಲಾಪುರದಲ್ಲಿ ಕಲ್ಯಾಣಮ್ಮನವರ ಮನೆಯ ಮೆಟ್ಟಿಲು ಹತ್ತಿದಳು. ಮಾಳಿಗೆಯ ಮೇಲೆ ಬಣ್ಣ ಹಾಕಿದ ನೂಲಿನ ಲಡಿಗಳು ಒಣಗುತ್ತಿದ್ದವು. ಓಣಿಯ ಮಗ್ಗಗಳ ಸದ್ದು ದೂರದ ಮಳೆಯ ಹಾಗೆ ಬಿಡದೆ ಬರುತ್ತಿತ್ತು. ತೂಗುಮಂಚದ ಮೇಲೆ ಕುಳಿತಿದ್ದ ಕಲ್ಯಾಣಮ್ಮನವರು ಹುಡುಗಿಗೆ ಪಕ್ಕದಲ್ಲೇ ಜಾಗ ಕೊಟ್ಟರು.

"ಒಂದ ಕಾಯದೆ ನೆನಪಿಡು ತಂಗಿ," ಎಂದರು ಅವರು. "'ಅವರು ಹಿಂಗಂದ್ರು' ಅನಬಾರದು. ಸಾಕ್ಷಿ 'ನಾ ನೋಡೀನಿ' ಅಂದ್ರ ನೀನೂ 'ನಾ ನೋಡೀನಿ' ಅನಬೇಕು. ಒಮ್ಮಿ ಹನ್ನೂರಿನ ಒಬ್ಬಾಕಿ ಮುದುಕಿ ಜಜ್ಜಸಾಹೇಬರಿಗಿ, ನಿನಗ ಕಣ್ಣಿಲ್ಲೇನು ಅಂದ್ಲು. ನಾನೂ ಸಾಹೇಬರ ಮಾರಿ ನೋಡಿ ಮರಾಠಿಯೊಳಗ ಹಂಗೇ ಕೇಳಿದೆ."

ಶುಭಾಂಗಿ ನಕ್ಕಳು. ಸೋನಾಲಿ ನಗಲಿಲ್ಲ. ಮಂಚ ಎರಡು ಸಲ ಹೋಗಿ ಬಂದ ಮೇಲೆ ಕೇಳಿದಳು: "ಕೆಟ್ಟ ಮಾತಿದ್ರ?"

"ಕೆಟ್ಟದು ಅಂದ್ರ?"

"ಕೇಳಿದವರ ಎದಿ ಒಡೀತದ ಅನ್ನಂಗಿದ್ರ. ಅದನ್ನ ಬಿಟ್ಟು ಬ್ಯಾರೆ ಹೇಳಬಹುದೇನ್ರಿ?"

ಕಲ್ಯಾಣಮ್ಮನವರು ಕಾಲೂರಿ ಮಂಚ ನಿಲ್ಲಿಸಿದರು. "ಯಾರಿಗಿ ಬ್ಯಾರೆ ಹೇಳಿದಿ?"

ಆಗ ಹುಡುಗಿಯ ಬಾಯಿಂದ ಎಲ್ಲ ಹೊರಬಂತು. ಅವಳ ಅಜ್ಜಿ ಕಸ್ತೂರಬಾಯಿ ಇಂಡಿ ಕಡೆಯಿಂದ ಸೊಸೆಯಾಗಿ ಬಂದವರು, ಮರಾಠಿ ಅಷ್ಟಾಗಿ ತಿಳಿಯದು. ಎರಡು ತಿಂಗಳ ಹಿಂದೆ, ಬಿತ್ತಿಗೆಯ ಗಡಿಬಿಡಿಯಲ್ಲಿ ಅಪ್ಪ ಅಮೃತಪ್ಪ ಮಗಳನ್ನೇ ಜೊತೆ ಮಾಡಿ ಸೊಲ್ಲಾಪುರದ ಕಣ್ಣಿನ ದವಾಖಾನೆಗೆ ಕಳಿಸಿದ್ದ. ಡಾಕ್ಟರರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಬಲಗಣ್ಣಿನ ದೃಷ್ಟಿ ಇನ್ನು ಮರಳಿ ಬರುವುದಿಲ್ಲ, ಎಡಗಣ್ಣನ್ನು ಜೋಪಾನ ಮಾಡಿ, ದಿನಾ ಎಡಗಣ್ಣಿಗೆ ಹನಿ ಹಾಕಿ. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದರು. ಸೋನಾಲಿ ಅಂದಿದ್ದಳು, "ಸಾವಕಾಶ ಬರ್ತದಂತ ಆಯಿ. ಹನಿ ಹಾಕೂಣು."

"ಈಗ ಆಯಿ ಹನಿ ಎಲ್ಲಾ ಬಲಗಣ್ಣಿಗೇ ಹಾಕ್ಕೋತಾಳ್ರಿ. ಎಡಗಣ್ಣು ಚಲೋ ಅದ, ಅದಕ್ಕ್ಯಾಕ ದಂಡ ಅಂತಾಳ. ನಾ ಏನೂ ಹೇಳಾಕ ಆಗವಲ್ದು."

ಕಲ್ಯಾಣಮ್ಮನವರು ಹುಡುಗಿಯ ಬೈತಲೆ ನೇವರಿಸಿದರು. "ಆ ವಯಸ್ಸಿಗಿ ಅಷ್ಟು ದೊಡ್ಡ ಮಾತು ನಿನ್ನ ತಲಿ ಮ್ಯಾಲ ಹೊರಿಸಬಾರದಿತ್ತು. ಆದ್ರ ಹೊತ್ತಿ. ಹೊತ್ತಾಕಿ ಇಳಿಸಬೇಕು. ಮಾತು ನಿಂದಲ್ಲವ್ವಾ, ಆಯಿದು. ಎತ್ತಿ ಒಗಿಬ್ಯಾಡ. ಹತ್ತರ ಕುಂತು, ಕೈ ಹಿಡದು, ಸಾವಕಾಶ ಇಳಿಸು."

ಶುಭಾಂಗಿ ಆ ದಿನ ತನ್ನ ಮನೆಗೆ ಹೋಗಲಿಲ್ಲ. ಮಕ್ಕಳ ಜೊತೆ ನಾಗಣಸೂರಿಗೇ ಮರಳಿ, ಸೋನಾಲಿಯ ಹಿಂದೆ ನಡೆದಳು. ಹೊತ್ತು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಕಸ್ತೂರಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ, ಕಲ್ಲು ಹುಡುಕಲು ಎಡಗಣ್ಣು ಮುಂದಾಗುವಂತೆ ಮುಖವನ್ನು ಓರೆ ಮಾಡುತ್ತಿದ್ದರು. ಸೋನಾಲಿ ಹತ್ತಿರ ಕೂತು ಕೈ ಹಿಡಿದಳು. ಶುಭಾಂಗಿ ಬೇವಿನ ನೆರಳಲ್ಲಿ ದೂರ ನಿಂತಳು. ಹುಡುಗಿಯ ದನಿ ಅಲ್ಲಿಯ ವರೆಗೂ ಸ್ಪಷ್ಟವಾಗಿ ಬಂತು.

ಅಜ್ಜಿ ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಒಗೆದರು. ಆಮೇಲೆ ಕೇಳಿದರು: "ಡಾಕ್ಟರ್ ಹೆಂಗ ಅಂದಾನ ಹಂಗ ಅನ್ನು. ಮರಾಠಿಯೊಳಗೇ ಅನ್ನು."

"ಉಜವಾ ಡೋಳಾ ಪರತ ಯೇಣಾರ ನಾಹಿ," ಎಂದಳು ಸೋನಾಲಿ. "ಡಾವಾ ಸಾಂಭಾಳಾ."

"ಸಾಂಭಾಳಾ," ಎಂದು ಅಜ್ಜಿ, ಜೋಪಾನ ಮಾಡಿ ಎನ್ನುವ ಆ ಮರಾಠಿ ಶಬ್ದವನ್ನು ಬಾಯಲ್ಲಿ ಹೊರಳಿಸಿದರು. "ಹುಚ್ಚಿ. ಎರಡು ತಿಂಗಳು ಒಬ್ಬಾಕಿನೇ ಇಟ್ಟುಕೊಂಡು ತಿರಗಿದಿ ಏನವ್ವಾ." ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಉಳಿದ ಒಂದರಿಂದ ಅಂಗಳ, ಎತ್ತು, ಬೇವು, ಮೊಮ್ಮಗಳು ಎಲ್ಲವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಮೊರವನ್ನು ಅವಳ ತೊಡೆಗೆ ದಾಟಿಸಿ, ಹನಿಯ ಬಾಟ್ಲಿ ತರಲು ತಾವೇ ಎದ್ದರು.

ಆ ವಾರವೇ ಅಮೃತಪ್ಪ ತಾಯಿಯನ್ನು ಮತ್ತೆ ದವಾಖಾನೆಗೆ ಕರೆದೊಯ್ದ. ಎಡಗಣ್ಣು ಇನ್ನೂ ಕೈ ತಪ್ಪಿಲ್ಲ, ಹನಿ ಮಾತ್ರ ಒಂದು ದಿನವೂ ಬಿಡಬೇಡಿ ಎಂದರಂತೆ ಡಾಕ್ಟರು.

ಕೊನೆಗೆ ಗುರುಶಾಂತ ಸರ್ ಬಯಸಿದ ಬ್ಯಾನರನ್ನೂ ಕಟ್ಟಿದ್ದಾಯಿತು. ಹೋಗಿ ಬಂದ ಮಕ್ಕಳು ತಾವು ಕಂಡದ್ದನ್ನು ಒಬ್ಬೊಬ್ಬರಾಗಿ ಹೇಳಿದರು. ಪುಣೆಯಿಂದ ಬಂದಿದ್ದ ಅಧಿಕಾರಿ, ಶೈಲೇಶ ಎಂಬವರು, ಮರಾಠಿಯಲ್ಲಿ ಮಾತಾಡಿದರು. ಮುಂದಿನ ಸಾಲಿನಲ್ಲಿ ಕುಳಿತ ಕಸ್ತೂರಬಾಯಿಯ ಕಿವಿಗೆ ಸೋನಾಲಿ ಅದನ್ನೆಲ್ಲ ಕನ್ನಡದಲ್ಲಿ ಉಸುರುತ್ತಿದ್ದಳು. ಯಾರಾದರೂ ಏನಾದರೂ ಕೇಳಬಹುದು ಎಂದಾಗ ಅಜ್ಜಿ ಮೊಮ್ಮಗಳ ತೋಳು ತಿವಿದು ಕಿವಿಯಲ್ಲಿ ಏನೋ ಹೇಳಿದರು. ಸೋನಾಲಿ ಎದ್ದು ನಿಂತು, ಸಾಹೇಬರ ಮುಖ ನೋಡಿ, ಮರಾಠಿಯಲ್ಲಿ ಕೇಳಿದಳು:

"ನಾ ಎಪ್ಪತ್ತು ವರ್ಷದಾಕಿ, ಸಾಹೇಬ್ರ. ನಿಮ್ಮ ಉದ್ಯೋಗದಾಗ ರಾತ್ರಿ ನಿದ್ದಿ ಚಲೋ ಬರ್ತದೇನು?"

ಮಕ್ಕಳು ಗೊಳ್ಳೆಂದು ನಕ್ಕರು. ಶೈಲೇಶ ಮಾತ್ರ ನಗದೆ, ಮೈಕು ಕೆಳಗಿಟ್ಟು ಯೋಚಿಸತೊಡಗಿದರು. ಶುಭಾಂಗಿಗೆ ಆ ಉತ್ತರ ಕೇಳುವ ಅವಸರವೇನೂ ಇರಲಿಲ್ಲ. ತಲೆಯ ಮೇಲೆ ಶಾಮಿಯಾನ ಗಾಳಿಗೆ ನಿಧಾನವಾಗಿ ಉಬ್ಬಿ ಇಳಿಯುತ್ತಿತ್ತು. ಸೋನಾಲಿ ಕೂರದೆ, ಅಜ್ಜಿ, ಸಾಹೇಬರು ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತ ಕಾಯುತ್ತಿದ್ದಳು.