ಟೆನ್‌ಬಿ ಅಂತ ಹೇಳಿದ್ದೆ

ಫೋನು ಮರದ ಕುರ್ಚಿಯ ಮೇಲೆ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ಮಧ್ಯರಾತ್ರಿ ದಾಟಿತ್ತು. ಕೈ ಚಾಚದೆ ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಆ ವಾರವೆಲ್ಲ ಅಂಥ ಹೊತ್ತಿನಲ್ಲಿ ಸಂದೇಶ ಕಳಿಸುತ್ತಿದ್ದವನು ಒಬ್ಬನೇ. ಕೊನೆಗೆ ನೋಡಿದೆ. ಗೆತಿನ್. ‘ಊರು ಯಾವುದು ಅಂತ ಹೇಳಿಬಿಡು, ಎಲೆರಿ.’ ಪಕ್ಕದಲ್ಲಿ ಒಂದು ನಗುವ ಮುಖ.

ಗೆತಿನ್ ನನ್ನ ತಂಗಿ ಹೆಲೆದ್‌ಳನ್ನು ಮದುವೆಯಾಗಲಿದ್ದ. ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ ಮದುಮಗಳನ್ನು ಒಂದು ವಾರಾಂತ್ಯ ಕಡಲ ದಂಡೆಯ ಊರಿಗೆ ಎತ್ತಿಕೊಂಡು ಹೋಗುವುದು ನಮ್ಮ ವೇಲ್ಸ್‌ನಲ್ಲಿ ಮದುವೆಯಷ್ಟೇ ಖಾಯಂ. ಹೇಂಟೆಗಳ ಕೂಟ ಅನ್ನುತ್ತೇವೆ. ಊರು ಆರಿಸುವ ಕೆಲಸ ಅಕ್ಕನಾದ ನನ್ನ ಪಾಲಿಗೆ ಬಂದಿತ್ತು. ಮದುಮಗಳಿಗೆ ಊರಿನ ಹೆಸರು ಹೇಳುವಂತಿಲ್ಲ. ಗಾಡಿ ಇಳಿದಾಗಲೇ ಅವಳಿಗೆ ತಿಳಿಯಬೇಕು. ಮದುಮಗನಿಗಂತೂ ಅದರ ಉಸಾಬರಿಯೇ ಇರುವುದಿಲ್ಲ. ನಾನು ಕಂಡ ಮದುಮಗಂದಿರಲ್ಲಿ ಊರು ಯಾವುದೆಂದು ಕೇಳಿದವನು ಇವನೊಬ್ಬನೇ.

ಊರಿನ ಆಯ್ಕೆಗೆ ನಮ್ಮ ಮನೆಯ ಅಡುಗೆಕೋಣೆಯಲ್ಲಿ ದೊಡ್ಡ ಜಗಳವೇ ನಡೆದಿತ್ತು. ನಮ್ಮ ತಾಯಿ, ಮಾಮ್, ತಾನು ಬರುವುದಿಲ್ಲವೆಂದು ಮೊದಲೇ ಹೇಳಿಬಿಟ್ಟು, ಆಮೇಲೆ ಎಲ್ಲ ಊರಿಗೂ ಒಂದೊಂದು ಕೊಂಕು ತೆಗೆದಳು. ಲ್ಯಾಂಡಡ್ನೊ ಮುದುಕರ ಊರು, ಬ್ಯಾರಿಯಲ್ಲಿ ಬರೀ ಆಲೂಗಡ್ಡೆ ಕರಿದ ವಾಸನೆ, ಅಬರಿಸ್ಟ್‌ವಿತ್‌ನ ಗಾಳಿಗೆ ಹಾಕಿದ ವಿಗ್ಗೂ ನಿಲ್ಲುವುದಿಲ್ಲ. ನೆರಿಸ್ ಚಿಕ್ಕಮ್ಮ ಮಾತ್ರ ಟೆನ್‌ಬಿಯ ಹಟ ಬಿಡಲಿಲ್ಲ. ಟೆನ್‌ಬಿಯಲ್ಲಿ ಎರಡು ಹೆಜ್ಜೆಗೊಂದು ಪಬ್ಬು, ಬಿದ್ದರೂ ಮುಂದಿನದರ ಬಾಗಿಲಲ್ಲೇ ಬೀಳುತ್ತೇವೆ ಎಂದಳು. ಕೈ ಎತ್ತಿಸಿ ಎಣಿಸಿದಾಗ ಟೆನ್‌ಬಿಯೇ ಗೆದ್ದಿತು. ಬಂದರಿನ ಮೇಲಿನ ಓಣಿಯಲ್ಲಿ ಗುಲಾಬಿ ಬಣ್ಣದ ಮನೆಯೊಂದನ್ನು ನಾನು ಕಾದಿರಿಸಿದೆ.

ಸಂದೇಶಗಳಿಗೆ ಉತ್ತರ ಕೊಡದೆ ಇದ್ದುದರಿಂದ ಗೆತಿನ್ ನಾನು ಕೆಲಸ ಮಾಡುವಲ್ಲಿಗೇ ಬಂದ. ನಾನು ನಗರಸಭೆಯಲ್ಲಿ ರಸ್ತೆಫಲಕಗಳ ವೆಲ್ಷ್, ಇಂಗ್ಲಿಷ್ ಎರಡೂ ಭಾಷೆಗಳನ್ನು ತಿದ್ದುವವಳು. ಊಟದ ಹೊತ್ತಿಗೆ ಹೊರಗೆ ಬಂದರೆ ಅವನು ತನ್ನ ಬಿಳಿ ವ್ಯಾನಿಗೆ ಒರಗಿ, ನನಗೆಂದೇ ತಂದ, ಮಾಂಸ ತುಂಬಿ ಬೇಯಿಸಿದ ಬಿಸಿ ಪೇಸ್ಟಿಯ ಪೊಟ್ಟಣ ಹಿಡಿದು ನಿಂತಿದ್ದ. ಚೆಲುವ. ಮಾಮ್‌ಳ ಮಾಡಿನ ಮಳೆನೀರಿನ ದೋಣಿ ಸೋರಿದಾಗ ಕರೆಯುವ ಮೊದಲೇ ಏಣಿ ತಂದವನು. ಮಾಮ್‌ಗೆ ಅವನ ಮೇಲೆ ನಮ್ಮಿಬ್ಬರಿಗಿಂತ ಹೆಚ್ಚು ಪ್ರೀತಿ.

ತನಗೆ ಗೊತ್ತಿಲ್ಲವೆಂದು ಹೆಲೆದ್ ಹೇಳುತ್ತಿದ್ದಾಳೆ, ಅದು ನಿಜವೇ ಎಂದು ಕೇಳಿದ. ನಿಜ, ಅವಳಿಗೆ ಹೇಳದಿರುವುದೇ ಪದ್ಧತಿ ಎಂದೆ.

“ನಾನೂ ಹಾಗೇ ಅಂದ್ಕೊಂಡೆ,” ಎಂದ. “ಆದರೂ ಒಂದ್ಸಲ ಖಾತ್ರಿ ಮಾಡ್ಕೊಳ್ಳೋಣ ಅಂತ ನಿನ್ನೆ ರಾತ್ರಿ ಕೂರಿಸ್ಕೊಂಡು ಕೇಳಿದೆ. ಬೆಳಗಾಗೋವರೆಗೂ ಕೇಳಿದೆ. ಅತ್ಲು, ಪಾಪ. ನಿದ್ದೆಗೆ ತೂಗ್ತಿದ್ಲು, ಎಬ್ಬಿಸಿ ಎಬ್ಬಿಸಿ ಕೇಳಿದೆ. ಹೇಳ್ಲೇ ಇಲ್ಲ ನೋಡು.”

ಹೀಗೆ ಹೇಳಿ ನಕ್ಕ, ಹಠಮಾರಿ ನಾಯಿಮರಿಯ ಕಥೆ ಹೇಳಿದವನಂತೆ.

ಪೇಸ್ಟಿಯ ಶಾಖ ಕಾಗದ ದಾಟಿ ನನ್ನ ಬೆರಳು ಸುಡುತ್ತಿತ್ತು. ಹೆಲೆದ್ ಈಚೆಗೆ ಬಡವಾಗಿದ್ದನ್ನು ಮದುವೆಯ ಅಂಗಿಗಾಗಿ ಎಂದುಕೊಂಡಿದ್ದೆ. ಅವಳ ಕಣ್ಣ ಕೆಳಗಿನ ಕಪ್ಪನ್ನು ಕೆಲಸದ ಒತ್ತಡ ಎಂದುಕೊಂಡಿದ್ದೆ. ನಾವು ತಮಾಷೆಗೆಂದು ಮುಚ್ಚಿಟ್ಟ ಒಂದು ಊರಿನ ಹೆಸರು ಅವಳನ್ನು ರಾತ್ರಿಯೆಲ್ಲ ಕೂರಿಸಿತ್ತು. ಗೊತ್ತಿದ್ದರೆ ಹೇಳಿ ಮಲಗಬಹುದಿತ್ತು. ಗೊತ್ತಿರಲಿಲ್ಲ.

“ಟೆನ್‌ಬಿ,” ಎಂದೆ. ಓಣಿಯನ್ನೂ ಗುಲಾಬಿ ಬಣ್ಣದ ಮನೆಯನ್ನೂ ಹೇಳಿದೆ. ಅವಳನ್ನು ಇನ್ನು ಕೇಳಬೇಡ ಎಂದೂ ಸೇರಿಸಿದೆ.

ಅವನು ನನ್ನ ಭುಜ ತಟ್ಟಿ, ನೀನು ಒಳ್ಳೆಯ ಅಕ್ಕ ಎಂದು ಹೇಳಿ ಹೋದ.

ಅಂದು ಸಂಜೆಯೇ ಗುಲಾಬಿ ಮನೆಯನ್ನು ಬಿಟ್ಟುಕೊಟ್ಟೆ. ಉತ್ತರಕ್ಕೆ, ನದಿ ಕಡಲು ಸೇರುವ ಕಡೆ, ಅಬರ್‌ಡವಿ ಎಂಬ ಸಣ್ಣ ಊರಿನಲ್ಲಿ ಇನ್ನೊಂದನ್ನು ಹಿಡಿದೆ. ಯಾರಿಗೂ ಹೇಳಲಿಲ್ಲ. ಅವನಿಂದ ದೂರವಿದ್ದು ಅವಳಿಗೆ ಎರಡು ರಾತ್ರಿ ನಿದ್ದೆ ಸಿಗಲಿ ಎಂಬುದಷ್ಟೇ ಆಗ ನನ್ನ ಮನಸ್ಸಿನಲ್ಲಿದ್ದುದು.

ಶುಕ್ರವಾರ ನಾವು ಬಾಡಿಗೆಗೆ ಹಿಡಿದ ವ್ಯಾನು ಹೊರಡುವ ಮುಂಚೆ ಮಕ್ಕಳು ಮರಳು ತುಂಬುವ ಒಂದು ಕೆಂಪು ಬಕೆಟ್ ಹಿಡಿದು ಎಲ್ಲರ ಫೋನು ವಸೂಲಿ ಮಾಡಿದೆ. ಇದೂ ಇಂಥ ಕೂಟಗಳಲ್ಲಿ ನಡೆಯುವ ಆಟವೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಗೆತಿನ್‌ನ ಅಕ್ಕ ಗ್ವೆನೊ ಸ್ವಲ್ಪ ತಡೆದು ತನ್ನದನ್ನು ಹಾಕಿದಳು. ಅವಳು ಮಾತು ಕಡಿಮೆಯ ಹೆಂಗಸು, ಆಸ್ಪತ್ರೆಯಲ್ಲಿ ದಾದಿ. ಮದುಮಗನ ಅಕ್ಕನನ್ನು ಬಿಟ್ಟು ಹೋಗುವುದು ನಮ್ಮಲ್ಲಿ ಮಹಾ ಅವಮಾನ, ಕರೆಯದೆ ಗತಿಯಿರಲಿಲ್ಲ. ದಾರಿಯುದ್ದಕ್ಕೂ ನಾನು ಹೆದರಿದ್ದು ಅವಳಿಗೇ.

ಹೆಲೆದ್‌ಳ ಫೋನನ್ನು ನಾನು ಆರಿಸಲು ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

“ಆಫ್ ಮಾಡಬೇಡ,” ಎಂದಳು ಮೆಲ್ಲಗೆ. “ಚುಕ್ಕೆ ಕಾಣಿಸ್ದೆ ಹೋದ್ರೆ ಅವನಿಗೆ ಸರಿಯಾಗಲ್ಲ.”

ಯಾವ ಚುಕ್ಕೆ ಎಂದು ಕೇಳಬೇಕಾಗಲಿಲ್ಲ, ಅವಳು ಎಲ್ಲಿದ್ದಾಳೆಂದು ಅವನ ಫೋನಿನ ನಕ್ಷೆಯಲ್ಲಿ ತೋರಿಸುವ ಚುಕ್ಕೆ. ಆರಿಸಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಟೆನ್‌ಬಿಯ ಕಡೆ ತಿರುಗಬೇಕಾದ ವೃತ್ತದಲ್ಲಿ ಗಾಡಿ ಉತ್ತರಕ್ಕೆ ಹೊರಳಿದಾಗ ನೆರಿಸ್ ಚಿಕ್ಕಮ್ಮ ಚಾಲಕನನ್ನು ಬೈಯಲು ಎದ್ದಳು. ಎಲ್ಲರಿಗೂ ಅಚ್ಚರಿ ಇರಲೆಂದು ಊರು ಬದಲಿಸಿದೆ ಎಂದೆ. “ನನ್ನ ಪಬ್ಬುಗಳನ್ನ ಮಾರಿಬಿಟ್ಯಲ್ಲೇ, ಕಳ್ಳಿ,” ಎಂದು ಅವಳು ಕೂತಳು, ಉಳಿದವರು ನಕ್ಕರು. ಗ್ವೆನೊ ಮುಂದಿನ ಆಸನದಲ್ಲಿ ಕೂತು ದಾರಿಯ ಫಲಕಗಳನ್ನು ಒಂದೊಂದಾಗಿ ಓದುತ್ತಿದ್ದಳು. ನಾನೇ ತಿದ್ದಿದ ಫಲಕಗಳು. ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದಳು.

ಅಬರ್‌ಡವಿಯಲ್ಲಿ ಹೆಲೆದ್ ಆ ರಾತ್ರಿ ಊಟಕ್ಕೂ ಏಳದೆ ನಿದ್ದೆ ಹೋದಳು. ಮರುದಿನ ಮಧ್ಯಾಹ್ನದವರೆಗೂ ಮಲಗಿದ್ದಳು. ಮದುಮಗಳು ಹೀಗೆ ನಿದ್ದೆ ಹೊಡೆದರೆ ಕೂಟ ಯಾರದು ಎಂದು ನೆರಿಸ್ ರೇಗಿಸಿದಳು. ನಾನು ಬಾಗಿಲ ಹೊರಗೆ ಕೂತು ಬೇರೆಯವರು ಗಲಾಟೆ ಮಾಡದಂತೆ ಕಾದೆ.

ಶನಿವಾರ ಸಂಜೆ ಗಂಡ–ಹೆಂಡತಿಯ ಪ್ರಶ್ನೆಯಾಟ. ಇದಿಲ್ಲದೆ ಕೂಟ ಮುಗಿಯುವುದಿಲ್ಲ. ಮದುಮಗನನ್ನು ಮೊದಲೇ ಪ್ರಶ್ನೆ ಕೇಳಿ ವಿಡಿಯೊ ಮಾಡಿಟ್ಟಿರುತ್ತಾರೆ. ಅವನ ಉತ್ತರವನ್ನು ಮದುಮಗಳು ಊಹಿಸಬೇಕು, ತಪ್ಪಿದರೆ ಒಂದು ಗುಟುಕು ಕುಡಿಯಬೇಕು. ವಿಡಿಯೊ ಮಾಡಿದ್ದವಳು ಗ್ವೆನೊ. ಪ್ರಶ್ನೆ ಓದಿದವಳು ನೆರಿಸ್.

ಅವಳ ಯಾವ ಅಂಗಿ ಅವನಿಗೆ ಇಷ್ಟ? “ಹಸಿರಿನದು, ಕತ್ತು ಮುಚ್ಚಿರೋದು,” ಎಂದಳು ಹೆಲೆದ್. ಪರದೆಯ ಮೇಲೆ ಗೆತಿನ್ ನಕ್ಕು, ಹಸಿರಿನದು, ಕತ್ತು ಮುಚ್ಚಿರೋದು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಯಾವ ಗುಣ ಅವನಿಗೆ ಸಿಟ್ಟು ತರಿಸುತ್ತದೆ? “ಎಲ್ಲಿದ್ದೀನಿ ಅಂತ ಕೇಳಿದಾಗ ಉತ್ತರ ಕೊಡೋಕೆ ಯೋಚನೆ ಮಾಡೋದು,” ಎಂದಳು. ಅವನೂ ಅದನ್ನೇ, ಅದೇ ಮಾತುಗಳಲ್ಲಿ, ಅದೇ ಜಾಗದಲ್ಲಿ ಉಸಿರು ತೆಗೆದುಕೊಂಡು ಹೇಳಿದ.

ಒಂದೂ ತಪ್ಪಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದರೂ ತನ್ನ ಗಂಡನ ಚಪ್ಪಲಿಯ ಅಳತೆ ತನಗೆ ಗೊತ್ತಿಲ್ಲವೆಂದು ನೆರಿಸ್ ಕಣ್ಣೊರೆಸಿಕೊಂಡು ನಕ್ಕಳು. ಇದಲ್ಲವೇ ಪ್ರೀತಿ ಎಂದಳು. ಹೆಲೆದ್ ಮಡಿಲಲ್ಲಿ ಕೈಯಿಟ್ಟು ನೆಟ್ಟಗೆ ಕೂತಿದ್ದಳು. ಪಾಠ ಒಪ್ಪಿಸುವ ಮಕ್ಕಳು ಹಾಗೆ ಕೂರುತ್ತಾರೆ, ಒಂದು ಪದ ಬಿಟ್ಟರೆ ಬೆತ್ತ ಬೀಳುವ ಮನೆಯಲ್ಲಿ. ಅವಳ ಮುಂದಿನ ಲೋಟ ತುಂಬಿದಂತೆಯೇ ಇತ್ತು.

ಆಗ ನನ್ನ ಜೇಬಿನಲ್ಲಿ ಫೋನು ಅದುರಿತು. ಕೂಟ ನಡೆಸುವವಳೆಂದು ನನ್ನದೊಂದನ್ನು ಇಟ್ಟುಕೊಂಡಿದ್ದೆ. ‘ಗುಲಾಬಿ ಮನೆಯಲ್ಲಿ ದೀಪವೇ ಇಲ್ಲವಲ್ಲ.’ ನಗುವ ಮುಖ.

ಅವನು ಟೆನ್‌ಬಿಯಲ್ಲಿದ್ದ. ಆ ಮನೆಯ ಮುಂದೆ, ಕತ್ತಲಲ್ಲಿ. ನಾನು ಎದ್ದು ಅಬರ್‌ಡವಿಯ ಬಾಗಿಲಿನ ಅಗುಳಿ ಹಾಕಿ ಬಂದೆ, ಅವನು ಅಷ್ಟು ದೂರದಲ್ಲಿದ್ದಾನೆಂದು ಗೊತ್ತಿದ್ದೂ. ಗ್ವೆನೊ ನನ್ನ ಮುಖ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನೆರಿಸ್ ಚಿಕ್ಕಮ್ಮ ತಾನು ಮಾಡಿದ ಕಳ್ಳತನವನ್ನು ಹೆಮ್ಮೆಯಿಂದ ಹೇಳಿಕೊಂಡಳು. ಬಕೆಟ್ಟಿನಿಂದ ತನ್ನ ಫೋನು ಎಗರಿಸಿ ಮಾಮ್‌ಗೆ ಕರೆ ಮಾಡಿದ್ದಳು.

“ಒಬ್ಬಳೇ ಇದ್ದಾಳಲ್ಲ, ಪಾಪ. ಮರಳು ನೋಡು, ಸಮುದ್ರ ನೋಡು, ನಾವಿರೋದು ಅಬರ್‌ಡವಿ ಅಂತ ಫೋಟೋನೂ ಕಳಿಸ್ದೆ. ಎಷ್ಟು ಖುಷಿಪಟ್ಲು ಗೊತ್ತಾ? ಗೆತಿನ್‌ಗೂ ತೋರಿಸ್ತೀನಿ, ಆ ಹುಡುಗ ಬೆಳಿಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದ ಅಂದ್ಲು.”

ಹೆಲೆದ್ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದವಳು ಚಾಕುವನ್ನು ಸದ್ದಾಗದಂತೆ ಕೆಳಗಿಟ್ಟಳು. ಬಾಗಿಲಾಚೆ ಹೋದಳು. ನಾನೂ ಹೋದೆ. ಮರಳಿಗಿಳಿಯುವ ಮೆಟ್ಟಿಲಲ್ಲಿ ಕೂತು, ಅವನಿಗೆ ಇಲ್ಲಿಯವರೆಗೂ ಗೊತ್ತಿರಲಿಲ್ಲವೇ ಎಂದು ಕೇಳಿದಳು. ಇಲ್ಲ, ಟೆನ್‌ಬಿ ಅಂತ ಹೇಳಿದ್ದೆ ಎಂದೆ.

“ಹಾಗಾದ್ರೆ ಈ ಎರಡು ದಿನ ನಾನೆಲ್ಲಿದ್ದೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ,” ಎಂದಳು. ಮೆಟ್ಟಿಲ ಮೇಲಿನ ಮರಳನ್ನು ಅಂಗೈಯಿಂದ ಗುಡಿಸಿದಳು. “ನಾನು ವಾಪಸ್ ಹೋಗಲ್ಲ, ಎಲೆರಿ.”

ಅಷ್ಟರಲ್ಲಿ ಸಂದೇಶ ಬಂತು. ‘ಅಬರ್‌ಡವಿ ಚೆನ್ನಾಗಿದೆಯಂತೆ.’ ಈ ಸಲ ನಗುವ ಮುಖ ಇರಲಿಲ್ಲ.

ಹಿಂದೆ ಕಾಲಸಪ್ಪಳ. ಗ್ವೆನೊ. ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡು ಓದಿದಳು. ನಾನು ತಡೆಯಲಿಲ್ಲ, ತಡೆಯುವ ಧೈರ್ಯ ಇರಲಿಲ್ಲ ಎಂಬುದೇ ಸರಿ. ಇವಳು ಈಗ ತಮ್ಮನನ್ನು ಕರೆದು ನಾವಿರುವ ಬೀದಿಯ ಹೆಸರು ಹೇಳುತ್ತಾಳೆ ಎಂದುಕೊಂಡೆ.

“ಟೆನ್‌ಬಿಯಿಂದ ಇಲ್ಲಿಗೆ ಅವನು ಓಡಿಸೋ ರೀತೀಲಿ ಬಂದ್ರೆ ಜಾಸ್ತಿ ಹೊತ್ತಿಲ್ಲ,” ಎಂದಳು ಗ್ವೆನೊ. “ಇದೇ ಮೊದಲಲ್ಲ. ಇವಳಿಗಿಂತ ಮುಂಚೆ ಒಬ್ಬಳಿದ್ಲು, ಕ್ಯಾರಿಸ್ ಅಂತ. ಅವಳು ಸ್ಪೇನಿಗೆ ಹೋದ್ಲು ಅಂತ ಅವನು ನಂಬಿದ್ದಾನೆ. ಹೋಗಿಲ್ಲ.”

ಕ್ಯಾರಿಸ್ ಇರುವ ಊರು ಗ್ವೆನೊಗೆ ಗೊತ್ತಿತ್ತು, ಏಕೆಂದರೆ ಅವಳನ್ನು ಅಲ್ಲಿಗೆ ಬಿಟ್ಟು ಬಂದವಳೇ ಗ್ವೆನೊ. ನಾಲ್ಕು ವರ್ಷಗಳಿಂದ ಅದನ್ನು ಅದೇ ತಮ್ಮನ ಪಕ್ಕದ ಬೀದಿಯಲ್ಲಿ ಬದುಕುತ್ತ, ಭಾನುವಾರಗಳಂದು ಅವನಿಗೆ ಕುರಿಮಾಂಸ ಬೇಯಿಸಿ ಬಡಿಸುತ್ತ ಬಚ್ಚಿಟ್ಟುಕೊಂಡಿದ್ದಳು. ಈಗ ನನ್ನ ಫೋನಿನಿಂದಲೇ ಆ ಹೆಂಗಸಿಗೆ ಕರೆ ಮಾಡಿದಳು. ಆಡಿದ್ದು ಎರಡೇ ಮಾತು: ಇನ್ನೊಬ್ಬಳು ಬರ್ತಿದ್ದಾಳೆ, ಸ್ಟೇಷನ್ನಿಗೆ ಬಾ. ಆಮೇಲೆ ಆ ಸಂಖ್ಯೆಯನ್ನು ಅಳಿಸಿ ಫೋನು ಹಿಂದೆ ಕೊಟ್ಟಳು. ಯಾವ ಊರು ಎಂದು ನಾನು ಬಾಯಿ ತೆರೆದೆ.

“ಕೇಳ್ಬೇಡ,” ಎಂದಳು. “ನಿನ್ನನ್ನೂ ಅವನು ರಾತ್ರಿಯೆಲ್ಲ ಕೂರಿಸ್ಕೊಂಡು ಕೇಳಬಹುದು.”

ಭಾನುವಾರ ಆ ಪುಟ್ಟ ನಿಲ್ದಾಣದಲ್ಲಿ ರೈಲುಗಳು ಅಪರೂಪ. ನಮ್ಮ ಅದೃಷ್ಟಕ್ಕೆ ಒಂದು ಇತ್ತು. ಉಳಿದವರೆಲ್ಲ ಮರಳಿನಲ್ಲಿ ಚೆಂಡಾಡುತ್ತಿದ್ದರು. ನೆರಿಸ್ ಎಲ್ಲರಿಗಿಂತ ಜೋರಾಗಿ ಮೋಸ ಮಾಡುತ್ತಿದ್ದಳು. ಹೆಲೆದ್ ನಾವು ಹೆಗಲಿಗೆ ಅಡ್ಡ ಹಾಕಿದ್ದ ಮದುಮಗಳ ರಿಬ್ಬನ್ ಪಟ್ಟಿಯನ್ನು ಕಳಚಿ ನನ್ನ ಕೈಗಿತ್ತಳು, ಅವಳ ಫೋನನ್ನು ನಾನು ಬಕೆಟ್ಟಿನಲ್ಲೇ ಬಿಟ್ಟೆ. ಗ್ವೆನೊ ತನ್ನ ಕೋಟನ್ನು ಅವಳಿಗೆ ಹೊದಿಸಿ ಕರೆದುಕೊಂಡು ಹೋದಳು. ನಾನು ಮನೆಯ ಮುಂದೆ ನಿಂತು ಕಡಲ ರಸ್ತೆಯನ್ನು ಕಾದೆ. ಬಿಳಿ ಬಣ್ಣದ ಯಾವ ಗಾಡಿ ಬಂದರೂ ಓಡಿಸುವವನ ಮುಖ ನೋಡುತ್ತಿದ್ದೆ. ರೈಲಿನ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ಗ್ವೆನೊ ಒಬ್ಬಳೇ, ಕೋಟಿಲ್ಲದೆ, ಒಂದು ಪೊಟ್ಟಣ ಹಾಲು ಕೊಂಡವಳಂತೆ ನಡೆದು ಬಂದಳು.

ಅವನು ಬಂದಾಗ ನಾವೆಲ್ಲ ಉಳಿದ ಕೇಕು ಕತ್ತರಿಸುತ್ತಿದ್ದೆವು. ವ್ಯಾನಿನ ಬಾಗಿಲು ಮೆತ್ತಗೆ ಹಾಕಿದ. ರಾತ್ರಿಯೆಲ್ಲ ಗಾಡಿಯಲ್ಲೇ ಕಳೆದವನ ಗಡ್ಡ. ಕೈಯಲ್ಲಿ ಹೂವು. ನೆರಿಸ್ ಅವನನ್ನು ಅಪ್ಪಿಕೊಂಡು, ಹೇಂಟೆಗಳ ನಡುವೆ ಹುಂಜ ಬಂತಲ್ಲ ಎಂದು ನಗಿಸಲು ನೋಡಿದಳು. ಅವನು ನಕ್ಕ. ಆಮೇಲೆ ನನ್ನ ಹತ್ತಿರ ಬಂದು, ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದ:

“ಎಲ್ಲಿ ಅವಳು?”

“ತಿಂಡಿ ಆದ್ಮೇಲೆ ಹೋಗಿ ನೋಡಿದಾಗ ಅವಳ ಕೋಣೆ ಖಾಲಿ ಇತ್ತು,” ಎಂದೆ. “ನಿನ್ನ ಹತ್ರ ಬಂದಿರ್ತಾಳೆ ಅಂದ್ಕೊಂಡೆ. ಟೆನ್‌ಬಿಗೆ.”

ಅವನು ನನ್ನ ಕಣ್ಣಲ್ಲೇ ನೋಟ ನೆಟ್ಟು ನಿಂತ. ನಾನು ಕೇಕಿನ ಇನ್ನೊಂದು ತುಂಡು ಕತ್ತರಿಸಿದೆ. ಆಮೇಲೆ ಅವನು ಅಕ್ಕನ ಕಡೆ ತಿರುಗಿದ. ಗ್ವೆನೊ ಕೇಕಿನ ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಅವನ ಮುಂದೆ ಸರಿಸಿದಳು. ತಿನ್ನು, ಹಸಿದಿರ್ತೀಯ ಎಂದಳು. ಅವಳ ಕೈ ಅಲುಗಲಿಲ್ಲ. ಇವತ್ತು ಸಂಜೆ ಅವಳು ಅವನ ವ್ಯಾನಿನಲ್ಲೇ, ಅವನ ಪಕ್ಕದಲ್ಲೇ ಕೂತು ಮನೆಗೆ ಹೋಗಬೇಕು.

ಇನ್ನೇನು ಮಾಮ್ ಫೋನು ಮಾಡುತ್ತಾಳೆ. ಅಳುತ್ತಾಳೆ, ಆಣೆ ಹಾಕಿಸುತ್ತಾಳೆ, ಅವಳಿಗೆ ಹೇಳಿದ್ದು ಒಂದು ಗಂಟೆಯೊಳಗೆ ಅವನಿಗೆ ತಲುಪುತ್ತದೆ. ನೆರಿಸ್ ನಾಳೆ ಊರಿಗೆಲ್ಲ ಕಥೆ ಹೇಳುತ್ತಾಳೆ. ಹೆಲೆದ್ ತನಗೆ ಬೇಕಾದಾಗ, ಬೇಕಾದವರಿಗೆ ತನ್ನ ಮಾತು ತಾನೇ ಹೇಳಿಕೊಳ್ಳಲಿ. ಆದರೆ ಆ ಮೆಟ್ಟಿಲ ಮೇಲೆ ಆದ ಮಾತು, ಕ್ಯಾರಿಸ್ ಎಂಬ ಹೆಸರು, ಕೋಟಿಲ್ಲದೆ ನಡೆದು ಬಂದ ಹೆಂಗಸು, ಇಷ್ಟನ್ನು ತಾಯಿಗಾಗಲಿ, ಚಿಕ್ಕಮ್ಮನಿಗಾಗಲಿ, ಮುಂದೆಂದೋ ನನ್ನ ಪಕ್ಕದಲ್ಲಿ ಮಲಗುವವನಿಗಾಗಲಿ ಹೇಳುವುದಿಲ್ಲ ಎಂದು, ಅವನು ಕೇಕು ಅಗಿಯುವುದನ್ನು ನೋಡುತ್ತ, ನಿಶ್ಚಯಿಸಿದೆ.