ಮೂರ್ತಪ್ಪನ ಇಡ್ಲಿ-ಸಾಂಬಾರು

ಶಿವಮೊಗ್ಗದಲ್ಲಿ ರುಚಿ ಅಂದರೇನೆಂದು ತಿಳಿದ ಮನುಷ್ಯ ಒಬ್ಬನೇ ಒಬ್ಬನಿದ್ದಾನೆ ಎಂದು ಮೂರ್ತಪ್ಪ ನಂಬಿದ್ದ. ಆ ಒಬ್ಬ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಉಳಿದವರೆಲ್ಲ ಅವನ ಕಣ್ಣಿಗೆ ಮುಂದೆ ಏನಿಟ್ಟರೂ ಮೇಯುವವರು. ದೊಡ್ಡಪೇಟೆಯ ಈಶ್ವರಪ್ಪನವರ ಹೋಟೆಲಿನ ಒಲೆಯ ಮುಂದೆ ಹದಿನೆಂಟು ವರ್ಷ ನಿಂತು, ಬೆಳಗಾದರೆ ಪೇಟೆಗೆ ಪೇಟೆಯೇ ತನ್ನ ಇಡ್ಲಿ-ಸಾಂಬಾರಿಗೆ ಬಾಯಿ ಬಿಟ್ಟುಕೊಂಡು ಬರುವುದನ್ನು ನೋಡಿದ ಮೇಲೆ ಅವನಿಗೆ ಆ ಜನದ ಮೇಲೆ ಪ್ರೀತಿ ಹುಟ್ಟಲಿಲ್ಲ, ತಾತ್ಸಾರ ಹುಟ್ಟಿತು. ಅದೂ ಒಂದು ಜಾಯಮಾನ, ಬಿಡಿ.

ಹಾಗೆಂದು ಹೋಟೆಲು ಸಾಮಾನ್ಯದ್ದಲ್ಲ. ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ಬಂದಿತ್ತು, ಕಾಗದದ ಕಾರ್ಖಾನೆ ಇನ್ನೂ ಬಂದಿರಲಿಲ್ಲ. ಆ ಕಾಲದ ಮಾತು ಇದು. ಮನೆಯಲ್ಲಿ ಹೆಂಡತಿ ಇರುವಾಗ ಹೋಟೆಲಿನಲ್ಲಿ ತಿನ್ನುವವನು ಮರ್ಯಾದಸ್ಥನಲ್ಲ ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದ ಹಿರಿಯರೇ, ಕೋರ್ಟು ಕೆಲಸ, ಅಡಿಕೆ ಮಂಡಿ ಕೆಲಸ ಎಂದು ನೆಪ ಹೂಡಿ ಏಳು ಗಂಟೆಗೆಲ್ಲ ಈಶ್ವರಪ್ಪನವರ ಬೆಂಚು ಹಿಡಿದಿರುತ್ತಿದ್ದರು. ಸೋಮವಾರ ಕೇಸರಿಭಾತು, ಸಂತೆಯ ದಿನ ಮಸಾಲೆ ದೋಸೆ, ಉಪ್ಪಿಟ್ಟು ಬೇಕೆಂದಾಗ. ಇಡ್ಲಿ-ಸಾಂಬಾರು ಮಾತ್ರ ದಿನವೂ ಇರಲೇಬೇಕು. ಎಂಟೂವರೆಯ ಮೇಲೆ ಬಂದವನು ಖಾಲಿ ಕೊಳಗ ನೋಡಿಕೊಂಡು ಹೋಗಬೇಕಾಗಿತ್ತು.

ಆ ಸಾಂಬಾರನ್ನು ಮೂರ್ತಪ್ಪ ಒಂದು ದಿನವೂ ನಾಲಿಗೆಗೆ ಹಚ್ಚಿ ನೋಡಿದವನಲ್ಲ. ಬಡಿಸುವ ಮೊದಲು ಅಡುಗೆಯವನು ಬಾಯಿಗೆ ಹಾಕಿದರೆ ಇಡೀ ಕೊಳಗವೇ ಎಂಜಲು. ಅವನ ಅಪ್ಪನೂ ನೋಡುತ್ತಿರಲಿಲ್ಲ, ಅಜ್ಜನೂ ನೋಡುತ್ತಿರಲಿಲ್ಲ. ಕುದಿಯುವ ಕೊಳಗದ ಮೇಲೆ ಬಗ್ಗಿ, ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರೆ ಮುಗಿಯಿತು. ಉಪ್ಪು ಅರ್ಧ ಹಿಡಿ ಸಾಲದು ಎಂದರೆ ಸಾಲದು. ಹುಣಸೆ ಮೂಟೆಯಿಂದ ಮೂಟೆಗೆ ಬೇರೆ ಹುಳಿ, ಮೆಣಸಿನಕಾಯಿ ಸಂತೆಯಿಂದ ಸಂತೆಗೆ ಬೇರೆ ಖಾರ; ಅದನ್ನೆಲ್ಲ ಸರಿತೂಗಿಸುತ್ತಿದ್ದುದು ಆ ಮೂಗು ಒಂದೇ.

ಅವನು ಒಲೆಯ ಹತ್ತಿರ ಯಾರನ್ನೂ ಸುಳಿಯಗೊಡುತ್ತಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದಲ್ಲಿ ರುಬ್ಬುವ ಕಲ್ಲು, ಅದರ ಮುಂದೆ ಸಣ್ಣಮ್ಮ. ಹೊಳಲೂರಿನಿಂದ ಬಂದ ವಿಧವೆ. ಐವತ್ತರ ಮೇಲೆ ವಯಸ್ಸು. ಮಧ್ಯಾಹ್ನ ಇಡ್ಲಿಯ ಹಿಟ್ಟು, ಬೆಳಿಗ್ಗೆ ಚಟ್ನಿ ಮತ್ತು ಮಸಾಲೆ, ಹೀಗೆ ಎಂಟು ವರ್ಷದಿಂದ ಕಲ್ಲು ತಿರುಗಿಸುತ್ತಿದ್ದಳು. ಆ ಎಂಟು ವರ್ಷದಲ್ಲಿ ಮೂರ್ತಪ್ಪ ಅವಳ ಹತ್ತಿರ ಆಡಿದ ಮಾತು "ಆಯ್ತೇನೆ?" ಮತ್ತು "ಬೇಗ" ಇವೆರಡೇ ಇರಬೇಕು. ಹೆಂಗಸರ ಕೈ ಮನೆ ಅಡುಗೆಗೆ ಸರಿ, ಹೋಟೆಲಿನ ಕೊಳಗಕ್ಕೆ ಗಂಡಸಿನ ಕೈಯೇ ಬೇಕು ಎಂದು ಅವಳ ಎದುರಿಗೇ ಹತ್ತಾರು ಸಲ ಹೇಳಿದ್ದ.

ಆಷಾಢದಲ್ಲಿ ಅವನಿಗೆ ಜ್ವರ ಬಂತು. ಜೊತೆಗೆ ಕೆಟ್ಟ ನೆಗಡಿ. ಎಂಟು ದಿನ ಮಲಗಿ ಎದ್ದ; ಅಷ್ಟು ದಿನ ಹೋಟೆಲಿಗೂ ಬೀಗ ಬಿದ್ದಿತ್ತು. ಜ್ವರ ಬಿಟ್ಟಿತು, ನೆಗಡಿಯೂ ಬಿಟ್ಟಿತು, ಹೋಗುವಾಗ ಮೂಗನ್ನೂ ಎತ್ತಿಕೊಂಡು ಹೋಯಿತು. ಇಂಗಿನ ಡಬ್ಬಿಗೆ ಮೂಗು ತುರುಕಿದ, ಏನೂ ಇಲ್ಲ. ಕರಿಬೇವು ತಿಕ್ಕಿ ನೋಡಿದ, ಇಲ್ಲ. ಬಾಗಿಲು ಹಾಕಿಕೊಂಡು ಉಪ್ಪಿನಕಾಯಿ ರಸ ನೆಕ್ಕಿದ. ನಾಲಿಗೆಯೂ ಮರಗಟ್ಟಿ ಹೋಗಿತ್ತು. ಆಗ ಅವನು ನಿಜವಾಗಿ ಹೆದರಿದ. ಮೂಗಿಲ್ಲದ ಅಡುಗೆಯವನನ್ನು ಈಶ್ವರಪ್ಪನವರು ಒಂದು ಹೊತ್ತೂ ಇಟ್ಟುಕೊಳ್ಳುವವರಲ್ಲ. ಐವತ್ತಕ್ಕೆ ಹತ್ತಿರ ಬಂದವನು ಇನ್ನಾವ ಕಸುಬು ಕಲಿಯಬೇಕು? ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ತಾನು ಮೇಯುವ ಜನವೆಂದು ಬೈದುಕೊಂಡವರೆಲ್ಲ ಹಲ್ಲು ಕಿಸಿಯುತ್ತಾರಲ್ಲ, ಅದನ್ನು ನೆನೆದರೇ ಅವನಿಗೆ ಮೈ ಉರಿಯುತ್ತಿತ್ತು.

ಸರಿ, ಯಾರಿಗೂ ಹೇಳಲಿಲ್ಲ. ಕೈಯಂದಾಜಿನ ಮೇಲೆ ಸಾಂಬಾರು ಮಾಡಿದ. ಎಂದಿನಂತೆ ಹಬೆಗೆ ಮುಖವನ್ನೂ ಒಡ್ಡಿದ, ಕಣ್ಣನ್ನೂ ಮುಚ್ಚಿದ. ಆಮೇಲೆ ಪದ್ಧತಿಯ ಪ್ರಕಾರ ಪಕ್ಕದ ಕೋಣೆಗೆ ಹೋಗಿ ಕೈಕಾಲು ತೊಳೆದು, ಹಣೆಗೆ ವಿಭೂತಿ ಬಳಿದು, ಮಡಿಸಿಟ್ಟ ಪಂಚೆ ಉಟ್ಟು ಮುಂದಿನ ಬಾಗಿಲಲ್ಲಿ ನಿಂತ. ಗಿರಾಕಿಗಳ ಹೊಗಳಿಕೆಯನ್ನು ಮಸಿ ಬಟ್ಟೆಯಲ್ಲಿ ನಿಂತು ಕೇಳುವುದು ಅವನಿಗೆ ಸೇರುತ್ತಿರಲಿಲ್ಲ. ಈ ಶೃಂಗಾರಕ್ಕೆ ದಿನವೂ ಕಾಲು ಗಂಟೆ ಬೇಕಾಗುತ್ತಿತ್ತು.

ಆ ದಿನ ಮಾತ್ರ ತಿನ್ನುವವರ ಮುಖದ ಮೇಲಿಂದ ಕಣ್ಣು ಕೀಳಲಿಲ್ಲ. ಪೆನ್ಷನ್ ಶಿರಸ್ತೆದಾರ ನಾಗಯ್ಯನವರು ಮೊದಲ ತುತ್ತು ಬಾಯಿಗಿಟ್ಟರು. ತಿಂಡಿಯ ವಿಷಯದಲ್ಲಿ ಅವರ ತೀರ್ಪಿನ ಮೇಲೆ ಅಪೀಲಿಲ್ಲ ಎಂದು ಪೇಟೆಯಲ್ಲಿ ಹೆಸರು.

"ಏನ್ ಮಾರಾಯ ಮೂರ್ತಪ್ಪ! ಕಾಯಿಲೆ ಬಿದ್ದೆದ್ದು ಬಂದ್ಮೇಲೆ ನಿನ್ನ ಕೈ ಇನ್ನೂ ಪಳಗಿದೆಯಲ್ಲೋ!"

ಮಂಡಿ ಹುಲಿಯಪ್ಪ ಬಟ್ಟಲನ್ನೇ ಎತ್ತಿ ಸಾಂಬಾರು ಕುಡಿದು ಇನ್ನೊಂದು ಬಟ್ಟಲು ಕೇಳಿದ. ಮೂರ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ಒಂದು ವಾರ ಹಾಗೇ ಸಾಗಿತು. ಒಳ್ಳೆಯ ಮನುಷ್ಯನಾಗಿದ್ದರೆ ಕೈಮುಗಿದು ಸುಮ್ಮನಿರುತ್ತಿದ್ದ. ಇವನು ಮೂರ್ತಪ್ಪ. ಹೆದರಿಕೆ ಇಳಿದ ಕಡೆ ತಾತ್ಸಾರ ಏರಿತು. ಮೂಗಿಲ್ಲದವನ ಅಡುಗೆಯೆಂದು ಒಬ್ಬನಿಗೂ ಗೊತ್ತಾಗಲಿಲ್ಲವಲ್ಲ, ಇವರ ನಾಲಿಗೆಗಿಷ್ಟು ಬೆಂಕಿ ಹಾಕ!

ಪರೀಕ್ಷೆ ಮಾಡಿಯೇಬಿಡೋಣ ಎಂದು ಒಂದು ದಿನ ಬೇಕೆಂದೇ ಬೆಲ್ಲ ಹಾಕದೆ ಬಿಟ್ಟ. ನಾಗಯ್ಯನವರು ತಲೆದೂಗಿದರು. ಇನ್ನೊಂದು ದಿನ ಮೆಂತ್ಯ ಎರಡರಷ್ಟು ಹಾಕಿದ. ತಲೆದೂಗಿದರು. ಕೊನೆಗೊಂದು ದಿನ ಹಲ್ಲು ಕಚ್ಚಿಕೊಂಡು ಉಪ್ಪನ್ನು ಎರಡು ಪಾಲು ಸುರಿದ. ಹುಲಿಯಪ್ಪ ಮೂರು ಬಟ್ಟಲು ಕುಡಿದು, "ಮನೇಲಿ ನಮ್ಮವಳಿಗೆ ಇದನ್ನ ಒಂದ್ಸಲ ಕುಡಿಸ್ಬೇಕು ಕಣೋ, ಬುದ್ಧಿ ಬರ್ತದೆ" ಎಂದ. ಮೂರ್ತಪ್ಪ ಕೈಕಟ್ಟಿ ನಿಂತು ವಿನಯದಿಂದ ನಕ್ಕ. ಒಳಗೆ ಬಂದು, "ಬೂದಿ ಕದಡಿ ಕೊಟ್ರೂ ಚಪ್ಪರಿಸ್ತವೆ, ದನಗಳು" ಎಂದು ಜೋರಾಗಿಯೇ ಹೇಳಿದ. ಸಣ್ಣಮ್ಮ ಕಲ್ಲಿನಿಂದ ತಲೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ಅವನು ಅಳತೆ ಎಂಬುದನ್ನೇ ಬಿಟ್ಟುಬಿಟ್ಟ. ಕೈಗೆ ಬಂದಷ್ಟು ಹಾಕುವುದು, ವಿಭೂತಿ ಬಳಿದು ಹೊರಗೆ ನಿಲ್ಲುವುದು.

ಮಾಘದ ಹೊತ್ತಿಗೆ ಈಶ್ವರಪ್ಪನವರು ಭದ್ರಾವತಿಯಲ್ಲಿ ಕಾರ್ಖಾನೆಯ ಬಾಗಿಲಿಗೆ ಎದುರಾಗಿ ಇನ್ನೊಂದು ಹೋಟೆಲು ತೆರೆಯಲು ನಿಶ್ಚಯಿಸಿದರು. ಮೊದಲ ದಿನದ ತಿಂಡಿ ಮೂರ್ತಪ್ಪನ ಕೈಯದೇ ಆಗಬೇಕು, ಹೆಸರು ನಿಂತರೆ ಅವನನ್ನೇ ಅಲ್ಲಿಗೆ ಹಿರಿಯನನ್ನಾಗಿ ಮಾಡುವುದು ಎಂದು ಮಾತಾಯಿತು. ಹದಿನೆಂಟು ವರ್ಷ ಇನ್ನೊಬ್ಬರ ಒಲೆ ಉರಿಸಿದವನಿಗೆ ತನ್ನದೇ ಎನ್ನುವ ಒಂದು ಅಡುಗೆಮನೆ! ಮೂರ್ತಪ್ಪ ಒಳಗೊಳಗೇ ಉಬ್ಬಿಹೋದ.

"ಸಣ್ಣಮ್ಮನ್ನೂ ಕರ್ಕೊಂಡು ಹೋಗಯ್ಯ," ಎಂದರು ಈಶ್ವರಪ್ಪನವರು.

"ರುಬ್ಬೋಕೆ ಅಲ್ಲಿ ಆಳಿಗೇನು ಬರಾನಾ ಯಜಮಾನ್ರೆ? ಅದೂ ಯಾರಿಗೆ, ಕುಲುಮೆ ಮುಂದೆ ಬೇಯೋ ಜನಕ್ಕೆ. ಎಲ್ಲೆಲ್ಲಿಂದಲೋ ಬಂದು ಸೇರಿರೋ ತಮಿಳರು, ತೆಲುಗರು. ಕಬ್ಬಿಣ ಬೇಯಿಸಿ ಕೊಟ್ರೂ ತಿಂತಾರೆ."

ಭದ್ರಾವತಿಯಲ್ಲಿ ಬೆಳಿಗ್ಗೆ ಕಾರ್ಖಾನೆ ಕೂಗಿತು. ಪಾಳಿ ಮುಗಿಸಿದವರು ಮಸಿ ಮೆತ್ತಿದ ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ಬಾಗಿಲಿಗೆ ಮಾವಿನ ತೋರಣ, ಗಲ್ಲಾಪೆಟ್ಟಿಗೆಯ ಮುಂದೆ ಈಶ್ವರಪ್ಪನವರು, ಒಳಬಾಗಿಲಲ್ಲಿ ವಿಭೂತಿ ಬಳಿದ ಮೂರ್ತಪ್ಪ. ಎಲೆಯ ಮೇಲೆ ಇಡ್ಲಿ ಬಿತ್ತು, ಸಾಂಬಾರು ಬಿತ್ತು. ಮೂರ್ತಪ್ಪ ಹೊಗಳಿಕೆಗೆ ಕಾದು ನಿಂತ.

ಮೊದಲನೆಯವನು ತುತ್ತನ್ನು ಬಾಯಲ್ಲಿ ಇಟ್ಟುಕೊಂಡೇ ಪಕ್ಕದವನ ಮುಖ ನೋಡಿದ. ಪಕ್ಕದವನು ಹೊರಗೆ ಓಡಿ ಚರಂಡಿಗೆ ಉಗುಳಿದ. ಇನ್ನೊಬ್ಬ ಸಾಂಬಾರನ್ನು ಬೆರಳಲ್ಲಿ ಮುಟ್ಟಿ ಮೂಸಿ, ಎಲೆ ಮಡಿಸಿ ಎದ್ದ. ಜಗಳವಿಲ್ಲ, ಬೈಗುಳವಿಲ್ಲ. ಒಬ್ಬೊಬ್ಬರಾಗಿ ಎದ್ದು ಎದುರಿನ ಚಪ್ಪರದಂಗಡಿಗೆ ಅವಲಕ್ಕಿ ತಿನ್ನಲು ಹೋದರು. ಮೂರ್ತಪ್ಪ ಒಬ್ಬನನ್ನು ಅಡ್ಡ ಹಾಕಿದ. ತಲೆಗೆ ಕೆಂಪು ವಸ್ತ್ರ ಸುತ್ತಿದ್ದ ಮುದುಕ.

"ಯಾಕಯ್ಯಾ, ಶಿವಮೊಗ್ಗದೋರೆಲ್ಲ ಬಾಯಿ ಚಪ್ಪರಿಸ್ಕೊಂಡು ತಿನ್ನೋ ಸಾಂಬಾರು ನಿಮ್ಮ ಬಾಯಿಗೆ ಹಿಡಿಸಲ್ವಾ?"

ಮುದುಕ ಸಿಟ್ಟಾಗಲಿಲ್ಲ. ಕನಿಕರದಿಂದಲೇ ಹೇಳಿದ. "ಮೆಂತ್ಯ ಸೀದೋಗಿದೆ ಸಾಮಿ. ಬೀದಿ ತನಕ ವಾಸ್ನೆ ಹೊಡೀತಿದೆ. ಒಲೆ ಮುಂದೆನೇ ಇದ್ರಲ್ಲ, ನಿಮಗೆ ಬರಲಿಲ್ವಾ?"

ಎಂಟು ಗಂಟೆಗೆ ಬೆಂಚುಗಳು ಖಾಲಿ. ಭದ್ರೆಯ ನೀರು ಬೇಳೆಗೆ ಆಗಿಬರಲಿಲ್ಲ ಎಂದು ಮೂರ್ತಪ್ಪ ಸಾಧಿಸಿದ. ಈಶ್ವರಪ್ಪನವರು ಬಾಗಿಲಿಗೆ ಬೀಗ ಹಾಕಿದರು.

ಮಧ್ಯಾಹ್ನದ ರೈಲಿನಲ್ಲಿ ಶಿವಮೊಗ್ಗಕ್ಕೆ ಬರುವಾಗ ಮೂರ್ತಪ್ಪನ ತಲೆ ಒಂದೇ ಕಡೆ ಸುತ್ತುತ್ತಿತ್ತು. ಕುಲುಮೆಯ ಜನಕ್ಕೆ ಗೊತ್ತಾದದ್ದು ಶಿರಸ್ತೆದಾರರಿಗೆ ಯಾಕೆ ಗೊತ್ತಾಗಲಿಲ್ಲ? ಉಪ್ಪು ಎರಡು ಪಾಲು ಬಿದ್ದದ್ದು ಮಗುವಿಗಾದರೂ ತಿಳಿಯಬೇಕಲ್ಲ. ಕೈ ಅದೇ, ಅಡುಗೆ ಅದೇ. ತಾನು ಭದ್ರಾವತಿಗೆ ಕರೆದೊಯ್ಯದೆ ಹೋದದ್ದು ಒಬ್ಬಳನ್ನು ಮಾತ್ರ. ಛೇ, ಅದೆಂಥ ಮಾತು ಎಂದು ತಳ್ಳಿಹಾಕಿದ. ತಳ್ಳಿದಷ್ಟೂ ಅದು ತಿರುಗಿ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಸಾಂಬಾರು ಇಳಿಸಿ, ಪಕ್ಕದ ಕೋಣೆಗೆ ಹೋದಂತೆ ಮಾಡಿ, ಹಿತ್ತಲನ್ನು ಸುತ್ತಿಕೊಂಡು ಬಂದು ಬಾಗಿಲ ಸಂದಿಯಲ್ಲಿ ನೋಡಿದ. ಸಣ್ಣಮ್ಮ ಕಲ್ಲಿನ ಮುಂದೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಳಗದ ಮೇಲೆ ಬಗ್ಗಿದ್ದಳು. ಹಬೆಗೆ ಮುಖ ಒಡ್ಡಿ ಒಮ್ಮೆ ಉಸಿರೆಳೆದುಕೊಂಡು, ಮುಖ ಸಿಂಡರಿಸಿ, ಬೆಲ್ಲದ ಒಂದು ಉಂಡೆ ಹಾಕಿದಳು. ಒಂದು ತಂಬಿಗೆ ಬೇಳೆಕಟ್ಟು ಹುಯ್ದಳು. ಇಂಗಿನ ನೀರು ಚಿಮುಕಿಸಿ ಸೌಟು ತಿರುಗಿಸಿದಳು.

"ಏನೇ ಅದು? ಒಲೆ ಮುಟ್ಟು ಅಂತ ನಿಂಗೆ ಯಾರೇ ಹೇಳಿದ್ದು?"

ಅವಳು ಬೆಚ್ಚಲಿಲ್ಲ. ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡಳು.

"ಯಾರೂ ಹೇಳಿಲ್ಲ ಮೂರ್ತಪ್ಪಣ್ಣ. ಆಷಾಢದಿಂದ ಮಾಡ್ತಿದೀನಿ. ನೀವು ಉಪ್ಪು ಸುರಿದ ದಿನ ಮಾತ್ರ ಸಾಕುಸಾಕಾಯ್ತು."

"ಹಂಗಾದ್ರೆ ನನ್ನ ಮೂಗು..."

"ಒಗ್ಗರಣೆ ಸೀದು ನಾನು ಇಲ್ಲಿ ಕೆಮ್ತಾ ಇದ್ರೆ ನೀವು ಅಲ್ಲೇ ವಚನ ಗುನುಗ್ತಾ ನಿಂತಿದ್ರಿ. ಇನ್ನೇನು ತಿಳ್ಕೊಳ್ಳೋದು?"

ಎಂಟು ವರ್ಷ ತಾನು ಮುಖ ಕೊಟ್ಟು ಮಾತಾಡಿಸದ ಹೆಂಗಸು ತನ್ನ ಮಾನವನ್ನು ಹೀಗೆ ಗುಟ್ಟಾಗಿ ಕಾಪಾಡಿದಳಲ್ಲ ಎಂದು ಮೂರ್ತಪ್ಪನ ಕಣ್ಣು ಮಂಜಾಯಿತು.

"ನನ್ನ ಮರ್ಯಾದೆ ಉಳಿಸ್ಬೇಕು ಅಂತ ಇಷ್ಟೆಲ್ಲಾ ಮಾಡ್ದೆಯಾ, ಸಣ್ಣಮ್ಮ?"

"ನಿಮ್ಮ ಮರ್ಯಾದೆ ಕಟ್ಕೊಂಡು ನಂಗೇನಾಗ್ಬೇಕು ಮಾರಾಯ್ರೆ?" ಸಣ್ಣಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಮಧ್ಯಾಹ್ನ ಪೂರ್ತಿ ತೋಳು ಬೀಳೋ ಹಂಗೆ ರುಬ್ತೀನಿ. ಮಲ್ಲಿಗೆ ಹಂಗೆ ಇಡ್ಲಿ ಏಳ್ತವೆ. ಅವನ್ನ ತಗೊಂಡು ಹೋಗಿ ನಿಮ್ಮ ಆ ಕಲಗಚ್ಚಲ್ಲಿ ಮುಳುಗಿಸೋದನ್ನ ನೋಡ್ಲಾರ್ದೆ ಮಾಡ್ದೆ."

ಹಿಂದಿನಿಂದ ಯಾರೋ ಕೆಮ್ಮಿದರು. ಈಶ್ವರಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

"ಏನಯ್ಯ ಇದು ಮೂರ್ತಪ್ಪ?"

ಸುಳ್ಳು ಹೇಳಲು ಮೂರ್ತಪ್ಪ ಬಾಯಿ ತೆರೆದ. ಭದ್ರೆಯ ನೀರಿನ ನೆಪ ಇಲ್ಲಿ ಸಲ್ಲುವಂತಿರಲಿಲ್ಲ. "ಮೂಗು ಹೋಗಿದೆ ಯಜಮಾನ್ರೆ. ಏಳು ತಿಂಗಳಾಯ್ತು. ಇಷ್ಟು ದಿನ ನೀವೆಲ್ಲ ತಿಂದಿದ್ದು ಇವಳ ಸಾಂಬಾರು," ಎಂದ.

ಈಶ್ವರಪ್ಪನವರು ಕೊಳಗದ ಮುಚ್ಚಳ ಎತ್ತಿ ಮೂಸಿ, ಮುಚ್ಚಿದರು. ಆಮೇಲೆ ಕೇಳಿದರು. "ಸಣ್ಣಮ್ಮ, ಭದ್ರಾವತಿಗೆ ಹೋಗ್ತೀಯೇನಮ್ಮ?"

"ರುಬ್ಬೋಕಾ, ಅಡುಗೆಗಾ?"

ಹೋಟೆಲಿನ ಒಲೆಯ ಮುಂದೆ ಹೆಂಗಸು ನಿಂತದ್ದನ್ನು ಶಿವಮೊಗ್ಗವೂ ಕಂಡಿರಲಿಲ್ಲ, ಭದ್ರಾವತಿಯೂ ಕಂಡಿರಲಿಲ್ಲ. ಈಶ್ವರಪ್ಪನವರು ತಡವರಿಸಿದರು. ಆಗ ಮೂರ್ತಪ್ಪ ತನ್ನ ಬಾಳಿನಲ್ಲಿ ಮೊದಲ ಸಲ ದೊಡ್ಡ ಮನಸ್ಸು ಮಾಡಿದ. ಎದೆ ಮುಂದೆ ಮಾಡಿ, "ಅಡುಗೆಗೇ ಹೋಗ್ಲಿ ಯಜಮಾನ್ರೆ. ರುಬ್ಬೋಕೆ ನಾನು ಹೋಗ್ತೀನಿ," ಎಂದು, ಇಬ್ಬರ ಕಣ್ಣಲ್ಲೂ ನೀರು ಬರಬಹುದೆಂದು ಕಾದ.

ಸಣ್ಣಮ್ಮ ಅವನನ್ನು ವಿಭೂತಿಯಿಲ್ಲದ ಹಣೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಬೇಡಪ್ಪ. ಹಿಟ್ಟು ಹುಳಿ ಬಂತೋ ಇಲ್ವೋ ಅನ್ನೋದು ಮೂಗಿಗೆ ತಿಳೀಬೇಕು. ನೀವು ಸೌದೆ ಒಡೀರಿ, ಅದಕ್ಕೆ ಮೂಗು ಬೇಡ."

ಈಶ್ವರಪ್ಪನವರು ಬಂದ ನಗುವನ್ನು ಮೀಸೆಯಲ್ಲೇ ತಡೆದುಕೊಂಡು ಹೊರಗೆ ಹೋದರು. ಮೂರ್ತಪ್ಪ ಹಿತ್ತಲಿಗೆ ನಡೆದ. ಹದಿನೆಂಟು ವರ್ಷ ಅದೇ ಮನೆಯಲ್ಲಿ ಒಲೆ ಉರಿಸಿದ್ದರೂ ಕೊಡಲಿಯನ್ನು ಎಲ್ಲಿಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ; ಒಳಗೆ ಬಂದು ಸಣ್ಣಮ್ಮನನ್ನೇ ಕೇಳಬೇಕಾಯಿತು.